ಬೆಲೆ ಕೇಳಬೇಡಿ, ಬೋರ್ಡಿಂಗ್ ಶುರುವಾಗಿದೆ

ವಿಮಾನ ನಿಲ್ದಾಣದಲ್ಲಿ ಮನುಷ್ಯನಿಗೆ ಹಸಿವಾಗಬಾರದು. ಆಗಲೇಬೇಕೆಂದಿದ್ದರೆ ಮನೆಯಲ್ಲೇ ಆಗಿ, ಅಲ್ಲೇ ತೀರಿರಬೇಕು. ಸೆಕ್ಯೂರಿಟಿ ದಾಟಿದ ಮೇಲೆ ಹೊಟ್ಟೆ ಗುರ್ ಎಂದರೆ ಅದು ಹಸಿವಲ್ಲ, ಆದಾಯ. ನಿಮ್ಮದಲ್ಲ, ಅವರದು.

ನನಗೆ ಪಿಜ್ಜಾ ಇಷ್ಟ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ 'ಅದೆಲ್ಲ ಯಾಕ್ರೀ, ಮುದ್ದೆ ತಿನ್ನಿ' ಎಂದು ಬುದ್ಧಿ ಹೇಳುವ ಸಂಸ್ಕೃತಿ ರಕ್ಷಕರು ಬಂದು ಕೂರುತ್ತಾರೆ. ಮುದ್ದೆಯೂ ಇಷ್ಟವೇ. ಆದರೆ ಅದೇನಾದರೂ ಅಲ್ಲಿ ಸಿಕ್ಕರೆ ಅದಕ್ಕೂ ಐನೂರು ಹಾಕಿ, ಪಕ್ಕದಲ್ಲಿ ಒಂದು ಪುದೀನ ಎಲೆ ಇಟ್ಟು, 'ಮಿಲೆಟ್ ಬೌಲ್' ಎಂದು ನಾಮಕರಣ ಮಾಡಿ ಕೊಡುತ್ತಾರೆ. ಸಮಸ್ಯೆ ತಟ್ಟೆಯಲ್ಲಿ ಏನಿದೆ ಎಂಬುದಲ್ಲ. ತಟ್ಟೆ ಎಲ್ಲಿದೆ ಎಂಬುದು.

ದೇಶದೊಳಗಿನ ವಿಮಾನಕ್ಕೆ ಎರಡು ಗಂಟೆ ಮುಂಚೆ ಬನ್ನಿ ಎನ್ನುತ್ತಾರೆ. ಬೆಂಗಳೂರಿನವರು ಅದಕ್ಕೆ ಹೆಬ್ಬಾಳವನ್ನು ಕೂಡಿಸಿಕೊಳ್ಳಬೇಕು. 2008ರ ಮೇ ತಿಂಗಳಲ್ಲಿ ಎಚ್‌ಎಎಲ್ ನಿಲ್ದಾಣ ಪ್ರಯಾಣಿಕರ ವಿಮಾನಗಳಿಗೆ ಬಾಗಿಲು ಹಾಕಿತು. ಅಂದಿನಿಂದ ದೇವನಹಳ್ಳಿ ಮುಟ್ಟುವುದೇ ಒಂದು ಪ್ರಯಾಣ. ಬನಶಂಕರಿಯಿಂದ ಹೊರಟವನು ಹುಬ್ಬಳ್ಳಿಗೆ ಹಾರುವ ಹೊತ್ತಿಗಿಂತ ಸಾದಹಳ್ಳಿ ಟೋಲ್ ಕಾಣುವ ಹೊತ್ತೇ ಹೆಚ್ಚು. ಬೆಳಿಗ್ಗೆ ತಿಂದ ಇಡ್ಲಿ ಮೇಖ್ರಿ ಸರ್ಕಲ್ ದಾಟುವಷ್ಟರಲ್ಲಿ ಕರಗಿಹೋಗಿರುತ್ತದೆ.

ಒಳಗೆ ಹೋಗಲು ಈಗ ತಡವೇ ಇಲ್ಲ. 2022ರ ಡಿಸೆಂಬರಿನಲ್ಲಿ ಡಿಜಿಯಾತ್ರಾ ಬಂತು. ಮೊದಲು ದಿಲ್ಲಿ, ಬೆಂಗಳೂರು, ವಾರಾಣಸಿ. ಮುಖ ತೋರಿಸಿ, ಗೇಟು ತೆರೆಯುತ್ತದೆ. ಸಾಲಿನಲ್ಲಿ ನಿಲ್ಲುವ ಹೊತ್ತು ಉಳಿಯಿತು ಎಂದು ಬೀಗಿದೆವು. ಉಳಿದ ಹೊತ್ತು ಯಾರ ಪಾಲಾಯಿತು? ಅಂಗಡಿಯವನ ಪಾಲಾಯಿತು. ಸಾಲಿನಲ್ಲಿ ನಿಂತವನು ಏನನ್ನೂ ಕೊಳ್ಳುವುದಿಲ್ಲ. ಬೇಗ ಒಳಗೆ ಬಿದ್ದವನು ಕೊಳ್ಳುತ್ತಾನೆ.

ಒಳಗೆ ಬಿದ್ದವನು ಹೊರಗೆ ಹೋಗುವಂತಿಲ್ಲ. ಹೊರಗಿನವನು ಬೋರ್ಡಿಂಗ್ ಪಾಸ್ ಇಲ್ಲದೆ ಒಳಗೆ ಬರುವಂತಿಲ್ಲ. ಎದುರು ರಸ್ತೆಯ ದರ್ಶಿನಿ ಇಲ್ಲ. ತಳ್ಳುಗಾಡಿ ಇಲ್ಲ. ಬೆಲೆ ಕೇಳಿ ಮುಂದಿನ ಅಂಗಡಿಗೆ ಹೋದರೆ ಅಲ್ಲೂ ಅಷ್ಟೇ ಬೆಲೆ. ಇದಕ್ಕೆ ಮುಕ್ತ ಮಾರುಕಟ್ಟೆ ಎನ್ನುತ್ತಾರೆ. ಬಾಗಿಲಲ್ಲಿ ಸಿಐಎಸ್‌ಎಫ್‌ನವರು ಬಂದೂಕು ಹಿಡಿದು ನಿಂತಿರುವ ಮುಕ್ತ ಮಾರುಕಟ್ಟೆ.

ಯಾವ ನಿಲ್ದಾಣ, ಯಾವ ಅಂಗಡಿ ಎಂದು ಕೇಳಬೇಡಿ. ಒಬ್ಬನ ಹೆಸರು ಬರೆದು ಉಳಿದವರನ್ನೆಲ್ಲ ಸಾಚಾ ಮಾಡುವ ಆಸೆ ನನಗಿಲ್ಲ.

ಅಂಗಡಿಯ ಬೋರ್ಡಿನಲ್ಲಿ ಕನ್ನಡ ಇತ್ತು. ದಪ್ಪ ಅಕ್ಷರದಲ್ಲೇ ಇತ್ತು. 2024ರಲ್ಲಿ ಕಾನೂನು ತಿದ್ದಿ, ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕು ಎಂದರಲ್ಲ, ಅದರ ಫಲ. ಒಳಗೆ ಮೆನುವಿನಲ್ಲಿ ಕನ್ನಡದ ಒಂದಕ್ಷರ ಇಲ್ಲ. ಕಾನೂನು ಹೊಸಿಲವರೆಗೆ ಬಂದು, ಚಪ್ಪಲಿ ಬಿಟ್ಟು, ಅಲ್ಲೇ ನಿಂತಿದೆ.

"ಮಾರ್ಗರೀಟಾ ಎಷ್ಟಪ್ಪಾ?"

"ಕಾಂಬೋ ತಗೊಳ್ಳಿ ಸರ್. ಸೇವಿಂಗ್ ಆಗತ್ತೆ."

"ಬರೀ ಪಿಜ್ಜಾ ಎಷ್ಟು?"

"ಕಾಂಬೋದಲ್ಲಿ ಗಾರ್ಲಿಕ್ ಬ್ರೆಡ್ ಬರತ್ತೆ ಸರ್. ಕೂಲ್ ಡ್ರಿಂಕ್ಸ್ ಬರತ್ತೆ."

ಎಲ್ಲ ಬಂತು, ಬೆಲೆ ಬರಲಿಲ್ಲ. ಆರ್ಡರ್ ಪರದೆಯಲ್ಲೇ ಹುಡುಕಬೇಕಾಯಿತು. ಸಣ್ಣ ಪಿಜ್ಜಾ ಇಲ್ಲ. ಮೀಡಿಯಂ ಮತ್ತು ಲಾರ್ಜ್. ಸಣ್ಣದೇ ಇಲ್ಲದ ಕಡೆ ಮೀಡಿಯಂ ಹೇಗೆ ಮೀಡಿಯಂ ಆಯಿತು? ಕೇಳಲಿಲ್ಲ. ಹಿಂದೆ ಆರು ಜನ ನಿಂತಿದ್ದರು. ಎಲ್ಲರ ಕೈಯಲ್ಲೂ ಬೋರ್ಡಿಂಗ್ ಪಾಸ್, ಎಲ್ಲರ ಮುಖದಲ್ಲೂ 'ಬೇಗ ಮುಗಿಸಯ್ಯಾ'.

ಏಳುನೂರು ಚಿಲ್ಲರೆ. ಅದೇ ಕಂಪನಿಯ, ಅದೇ ಹೆಸರಿನ, ಅಷ್ಟೇ ಅಗಲದ ಪಿಜ್ಜಾ ನಮ್ಮ ಬಡಾವಣೆಯಲ್ಲಿ ಇದರ ಅರ್ಧಕ್ಕೆ ಮನೆ ಬಾಗಿಲಿಗೆ ಬರುತ್ತದೆ. ಒಬ್ಬ ಹುಡುಗ ಮಳೆಯಲ್ಲಿ ನೆನೆದು ತಂದುಕೊಡುತ್ತಾನೆ. ಇಲ್ಲಿ ನಾನೇ ಪರದೆ ಒತ್ತಿ, ನಾನೇ ಟೋಕನ್ ಹಿಡಿದು, ನಾನೇ ಟ್ರೇ ಹೊತ್ತು, ನಾನೇ ಟೇಬಲ್ ಹುಡುಕಬೇಕು. ಟೇಬಲ್ ಸಿಕ್ಕರೆ ಅದರ ಮೇಲೆ ಹಿಂದಿನವನು ಬಿಟ್ಟುಹೋದ ಕೆಚಪ್ ಒರೆಸುವವನೂ ನಾನೇ. ದುಡ್ಡು ಕೊಡುವ ಹೊತ್ತಿಗೆ ಪರದೆ ಕೇಳಿತು: ಟಿಪ್ಸ್ ಸೇರಿಸಲೇ? ಯಾರಿಗೆ? ನನಗೇ?

ಅಡುಗೆಮನೆ ಕಾಣುತ್ತಿತ್ತು. ಈಗ ಎಲ್ಲ ಕಡೆ ಅಡುಗೆಮನೆ ತೆರೆದೇ ಇಡುತ್ತಾರೆ, ಅಡುಗೆ ಮಾತ್ರ ಅಲ್ಲಿ ನಡೆಯುವುದಿಲ್ಲ. ಒಂದು ಕರೆಂಟ್ ಓವನ್. ಅದರೊಳಗೆ ಸರಪಳಿ ಬೆಲ್ಟು ನಿಧಾನ ಹರಿಯುತ್ತಿದೆ. ಆಗಷ್ಟೇ ನನ್ನ ಬ್ಯಾಗು ಎಕ್ಸ್‌ರೇ ಯಂತ್ರದೊಳಗೆ ಹೋದಂತೆಯೇ ಪಿಜ್ಜಾ ಆ ಕಡೆಯಿಂದ ಹಸಿಯಾಗಿ ಹೋಗಿ ಈ ಕಡೆಯಿಂದ ಬೆಂದು ಬರುತ್ತದೆ. ಬೇಸು ಎಲ್ಲಿಂದಲೋ ಹೆಪ್ಪುಗಟ್ಟಿ ಬಂದದ್ದು. ಸಾಸು ಪೊಟ್ಟಣದ್ದು. ಚೀಸು ತುರಿದೇ ಬಂದದ್ದು. ಹುಡುಗನ ಕೆಲಸ ಉದುರಿಸುವುದು ಮತ್ತು ಕಾಯುವುದು.

ನೇಪಲ್ಸ್‌ನಲ್ಲಿ ಇದಕ್ಕೊಂದು ಸಂಘವಿದೆ. 1984ರಲ್ಲಿ ಹುಟ್ಟಿದ್ದು. ಅಸಲಿ ಪಿಜ್ಜಾ ಎಂದರೆ ಯಾವುದು ಎಂದು ನಿಯಮ ಬರೆದಿಟ್ಟುಕೊಂಡಿದ್ದಾರೆ. ಹಿಟ್ಟನ್ನು ಕೈಯಲ್ಲೇ ತಟ್ಟಬೇಕು, ಲಟ್ಟಣಿಗೆ ಮುಟ್ಟಿಸಬಾರದು. ಹುದುಗಲು ಕನಿಷ್ಠ ಎಂಟು ಗಂಟೆ. ಸೌದೆ ಒಲೆಯ ಬಿಸಿ 485 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಬೇಯುವುದು 60ರಿಂದ 90 ಸೆಕೆಂಡು. ಅವರ ಈ ಕೈಕಸುಬನ್ನು 2017ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಂದರೆ ಅಲ್ಲಿನವನು ಹಿಟ್ಟಿಗೆ ಎಂಟು ಗಂಟೆ ಕೊಡುತ್ತಾನೆ, ಗಿರಾಕಿಯನ್ನು ಒಂದೂವರೆ ನಿಮಿಷ ಕಾಯಿಸುತ್ತಾನೆ. ನಮ್ಮವನು ಹಿಟ್ಟಿಗೆ ಏನೂ ಕೊಡುವುದಿಲ್ಲ, ಗಿರಾಕಿಯನ್ನು ಇಪ್ಪತ್ತು ನಿಮಿಷ ನಿಲ್ಲಿಸುತ್ತಾನೆ. ದೋಸೆ ಹಿಟ್ಟಿಗೆ ರಾತ್ರಿಯಿಡೀ ಬಿಡುವು ಕೊಡುವ ಊರಿನವರಿಗೆ ಹುದುಗು ಎಂದರೇನು ಎಂದು ಇಟಲಿಯವರು ಬಂದು ಹೇಳಬೇಕೇ? ಗೊತ್ತಿದೆ. ಬೇಕಿಲ್ಲ. ತಿನ್ನುವವನು ನಾಳೆ ಮತ್ತೆ ಬರುವ ಗಿರಾಕಿಯಲ್ಲ, ಇನ್ನರ್ಧ ಗಂಟೆಯಲ್ಲಿ ಮೂವತ್ತು ಸಾವಿರ ಅಡಿ ಮೇಲಿರುವವನು. ಜಗಳಕ್ಕೆ ವಾಪಸು ಬರುವವನಲ್ಲ.

ಕೊನೆಗೆ ಟೋಕನ್ ಕೂಗಿದರು. ಪಿಜ್ಜಾ ಬಂತು. ಜೊತೆಗೆ ಮರದ ಚಾಕು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಚಮಚ, ಚಾಕು ನಿಷೇಧ. ಒಳ್ಳೆಯದೇ. ಪರಿಸರ ಉಳಿಯಲಿ. ಆದರೆ ಅದೇ ಟ್ರೇಯಲ್ಲಿ ಆರಿಗಾನೊ ಪೊಟ್ಟಣ, ಚಿಲ್ಲಿ ಫ್ಲೇಕ್ಸ್ ಪೊಟ್ಟಣ, ಕೆಚಪ್ ಪೊಟ್ಟಣ, ಎಲ್ಲ ಪ್ಲಾಸ್ಟಿಕ್ಕು. ಪರಿಸರ ಚಾಕುವಿಗೆ ಮಾತ್ರ ಸೀಮಿತ.

ಆ ಚಾಕು ಪಿಜ್ಜಾದ ಅಂಚಿಗೆ ತಗುಲಿದ್ದೇ ತಡ, ಲಟ್ ಎಂದು ಎರಡಾಯಿತು. ಸೆಕ್ಯೂರಿಟಿಯಲ್ಲಿ ನನ್ನ ಹತ್ತಿರ ಮೀಸೆ ಕತ್ತರಿಸುವ ಮೊಂಡು ಕತ್ತರಿ ಕಿತ್ತುಕೊಂಡಿದ್ದರು. ವಿಮಾನಕ್ಕೆ ನಿಜವಾದ ಅಪಾಯ ಆ ಅಂಚು. ಅದನ್ನು ಯಾರೂ ತಡೆಯಲಿಲ್ಲ.

ತಿನ್ನುತ್ತಿದ್ದಂತೆ ಕೊನೆಯ ಕರೆ. ಗೇಟು ಹೊರಡುವ 25 ನಿಮಿಷ ಮುಂಚೆ ಮುಚ್ಚುತ್ತದಂತೆ. ವಿಮಾನ ಎರಡು ಗಂಟೆ ತಡವಾದರೆ 'ಆಪರೇಷನಲ್ ಕಾರಣ'. ಪ್ರಯಾಣಿಕ ಎರಡು ನಿಮಿಷ ತಡವಾದರೆ 'ನೋ ಶೋ'. ವಿಮಾನ ಅಷ್ಟು ಹೊತ್ತು ತಡವಾದರೆ ಪ್ರಯಾಣಿಕರಿಗೆ ತಿಂಡಿ ಕೊಡಬೇಕು ಎಂದು ಡಿಜಿಸಿಎ ನಿಯಮ ಇದೆ. ಇದೆ, ಖಂಡಿತ ಇದೆ. ಹೆಚ್ಚಿನ ಸಲ ಆ ನಿಯಮವನ್ನು ಒಂದು ಪುಟ್ಟ ಡಬ್ಬಿಯಲ್ಲಿ ಹಾಕಿ, ಮೇಲೆ ಬಿಸಿನೀರು ಸುರಿದು ಕೊಡುತ್ತಾರೆ.

ನೀರಿನ ಬಾಟಲಿ ವಿಚಾರಕ್ಕೆ ಬನ್ನಿ. ಬಾಟಲಿ ಮೇಲೆ ಎಂಆರ್‌ಪಿ ಇರುತ್ತದೆ. ಅದಕ್ಕಿಂತ ಹೆಚ್ಚು ತೆಗೆದುಕೊಂಡರೆ ನಮ್ಮ ಬೀದಿಯ ಶೆಟ್ಟರ ಅಂಗಡಿಗೆ ದಂಡ. ಆದರೆ ಹೋಟೆಲು, ರೆಸ್ಟೋರೆಂಟು ಎಂಆರ್‌ಪಿಗಿಂತ ಹೆಚ್ಚಿಗೆ ಮಾರಿದರೆ ತಪ್ಪಲ್ಲ ಎಂದು 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿ ಮಾರುವುದು ಬರೀ ನೀರಲ್ಲವಂತೆ, ಸೇವೆಯೂ ಇದೆಯಂತೆ. ಕುರ್ಚಿ, ಟೇಬಲ್, ವಾತಾವರಣ. ಒಪ್ಪಿದೆ. ನಾನು ನಿಂತೇ ತಿಂದೆ. ಕೆಚಪ್ ನಾನೇ ಒರೆಸಿದೆ. ವಾತಾವರಣವೆಂದರೆ ಪಕ್ಕದಲ್ಲಿ ಯಾರದೋ ಮಗು ಅಳುತ್ತಿತ್ತು.

ಪುಕ್ಕಟೆ ಕುಡಿಯುವ ನೀರೂ ಇದೆ. ಶೌಚಾಲಯದ ಪಕ್ಕ. ಕಾನೂನು ಪಾಲನೆಯಾಗಬೇಕು, ಕಣ್ಣಿಗೆ ಬೀಳಬಾರದು.

ಇನ್ನು ನಮ್ಮ ನಾಯಕರು. ಇವರಿಗೆ ವಿಮಾನ ನಿಲ್ದಾಣದ ಬೆಲೆ ಕಾಣುವುದು ವಿರೋಧ ಪಕ್ಷದಲ್ಲಿ ಕೂತಾಗ ಮಾತ್ರ. 2018ರಲ್ಲಿ ಚಿದಂಬರಂ ಚೆನ್ನೈ ನಿಲ್ದಾಣದಲ್ಲಿ ಟೀ ಕೇಳಿದರು. ಬಿಸಿನೀರು, ಒಂದು ಟೀ ಬ್ಯಾಗು, ಬೆಲೆ 135 ರೂಪಾಯಿ. ಕಾಫಿ 180. ಗಾಬರಿಯಾಗಿ ಟ್ವೀಟ್ ಮಾಡಿದರು. ಪಾಪ. ಅಷ್ಟು ವರ್ಷ ದೇಶದ ಖಜಾನೆ ನೋಡಿಕೊಂಡವರಿಗೆ ಟೀ ಬೆಲೆ ಗೊತ್ತಾದದ್ದು ಹೆಸರಿನ ಹಿಂದೆ 'ಮಾಜಿ' ಸೇರಿದ ಮೇಲೆ.

ಈಗಿನವರ ಕಥೆ ಬೇರೆಯಲ್ಲ. 2017ರ ಏಪ್ರಿಲ್‌ನಲ್ಲಿ ಶಿಮ್ಲಾದಲ್ಲಿ ಉಡಾನ್ ಯೋಜನೆಗೆ ಚಾಲನೆ ಸಿಕ್ಕಿತು. ಹವಾಯಿ ಚಪ್ಪಲಿ ಹಾಕಿದವನೂ ಹವಾಯಿ ಜಹಾಜಿನಲ್ಲಿ ಹಾರಬೇಕು ಎಂದರು ಪ್ರಧಾನಿ. ಒಂದು ಗಂಟೆಯ ಹಾರಾಟಕ್ಕೆ ಸುಮಾರು 2,500 ರೂಪಾಯಿಯ ಮಿತಿ ಇಟ್ಟರು. ಬಹಳ ಸಂತೋಷ. ಚಪ್ಪಲಿಯವನು ಬಂದ. ಹೆಂಡತಿ, ಇಬ್ಬರು ಮಕ್ಕಳನ್ನೂ ಕರೆದುಕೊಂಡು ಬಂದ. ಮಕ್ಕಳು ಪಿಜ್ಜಾ ಕೇಳಿದವು. ಅವನ ಒಂದು ಟಿಕೆಟ್ಟು ಅಲ್ಲೇ ಕರಗಿತು. ಟಿಕೆಟ್ಟಿಗೆ ಮಿತಿ ಇಟ್ಟವರು ಹೊಟ್ಟೆಗೆ ಇಡಲಿಲ್ಲ.

2024ರ ಚಳಿಗಾಲದಲ್ಲಿ ರಾಜ್ಯಸಭೆಯಲ್ಲಿ ಈ ಮಾತು ಎದ್ದಿತು. ನೂರು ರೂಪಾಯಿ ನೀರಿನ ಬಗ್ಗೆ ಸಂಸದ ರಾಘವ್ ಚಡ್ಡಾ ಕೂಗಾಡಿದರು. ಆ ಡಿಸೆಂಬರಿನಲ್ಲೇ ಕೋಲ್ಕತ್ತಾ ನಿಲ್ದಾಣದಲ್ಲಿ ಉಡಾನ್ ಯಾತ್ರಿ ಕೆಫೆ ಬಾಗಿಲು ತೆರೆಯಿತು. ಟೀ 10, ನೀರು 10, ಕಾಫಿ 20, ಸಮೋಸ 20. ಮಂತ್ರಿಗಳು ಟೀ ಹೀರಿದರು, ಫೋಟೊ ಬಂತು, ಚಪ್ಪಾಳೆ ಬಿತ್ತು.

ಚಪ್ಪಾಳೆ ತಟ್ಟುವ ಮುಂಚೆ ಒಂದು ಕ್ಷಣ ನಿಲ್ಲಿ. ವಿಮಾನ ನಿಲ್ದಾಣದಲ್ಲಿ ಹತ್ತು ರೂಪಾಯಿಗೆ ಟೀ ಕೊಡಲು ಸಾಧ್ಯ ಎಂದು ಸರ್ಕಾರವೇ ಸಾಬೀತು ಮಾಡಿದೆ. ಸಾಗಣೆ ಖರ್ಚು, ಭದ್ರತಾ ತಪಾಸಣೆ, ಸಿಬ್ಬಂದಿಗೆ ಪಾಸು ಎಂದು ಹಾಡುತ್ತಿದ್ದ ಹಾಡೆಲ್ಲ ಏನಾಯಿತು? ಹತ್ತರ ಟೀ ಇನ್ನೂರಾಗುವಾಗ ನಡುವಿನ ನೂರ ತೊಂಬತ್ತು ಎಲ್ಲಿಗೆ ಹೋಗುತ್ತದೆ?

ಎಲ್ಲಿಗೆ ಎಂದು ಕಾಗದದಲ್ಲೇ ಇದೆ. ಪಿಜ್ಜಾ ಅಂಗಡಿಯವನು ನಿಲ್ದಾಣದವರಿಗೆ ಬರೀ ಬಾಡಿಗೆ ಕೊಡುವುದಿಲ್ಲ. ಇಂತಿಷ್ಟು ಎಂದು ಒಂದು ಕನಿಷ್ಠ ಮೊತ್ತ, ಇಲ್ಲವೇ ವ್ಯಾಪಾರದಲ್ಲಿ ಪಾಲು. ಎರಡರಲ್ಲಿ ಯಾವುದು ದೊಡ್ಡದೋ ಅದು. ಸಾಮಾನ್ಯವಾಗಿ ಒಪ್ಪಂದ ನಡೆಯುವುದೇ ಹೀಗೆ. ವ್ಯಾಪಾರ ಜೋರಾದರೆ ನಿಲ್ದಾಣಕ್ಕೆ ಹಬ್ಬ. ಬಿದ್ದರೆ ಅಂಗಡಿಯವನಿಗೆ ಮಾತ್ರ ತಿಥಿ. ಅವನು ಆ ಭಾರವನ್ನು ಚೀಸಿನ ಕೆಳಗೆ ಬಚ್ಚಿಟ್ಟು ನನಗೆ ಬಡಿಸುತ್ತಾನೆ. ಆದ್ದರಿಂದ ಕೌಂಟರಿನ ಹುಡುಗನ ಮೇಲೆ ರೇಗಿ ಪ್ರಯೋಜನವಿಲ್ಲ. ಅವನೂ ಅಲ್ಲಿ ತಿನ್ನುವುದಿಲ್ಲ. ಅವನ ಡಬ್ಬಿ ಕೌಂಟರಿನ ಕೆಳಗಿತ್ತು, ಸೊಪ್ಪಿನ ಪಲ್ಯ ಕಾಣುತ್ತಿತ್ತು.

ಇನ್ನೊಂದು ತಮಾಷೆ. ವಿಮಾನ ಇಳಿಸಲು ಎಷ್ಟು, ನಿಲ್ಲಿಸಲು ಎಷ್ಟು, ಪ್ರಯಾಣಿಕನಿಂದ ಬಳಕೆದಾರರ ಶುಲ್ಕ ಎಷ್ಟು ಎಂದು ತೀರ್ಮಾನಿಸಲು 2009ರಲ್ಲಿ ಹುಟ್ಟಿದ ಒಂದು ಪ್ರಾಧಿಕಾರವಿದೆ. ಅಳೆದು ತೂಗಿ ಪೈಸೆ ಲೆಕ್ಕ ಹಾಕುತ್ತದೆ. ವಿಚಾರಣೆ, ಅಹವಾಲು, ದಪ್ಪ ದಪ್ಪ ಆದೇಶ. ಪಿಜ್ಜಾ? ಅದು 'ವಿಮಾನೇತರ ಆದಾಯ'. ವಿಮಾನಕ್ಕೆ ಕಾಯುತ್ತಿರುವವನು, ವಿಮಾನ ನಿಲ್ದಾಣದೊಳಗೆ, ವಿಮಾನ ಬರುವವರೆಗೆ ತಿಂದದ್ದು ವಿಮಾನಕ್ಕೆ ಸಂಬಂಧಪಟ್ಟದ್ದಲ್ಲ.

2016ರ ವಿಮಾನಯಾನ ನೀತಿ ಒಂದು ಸಮಾಧಾನ ಹೇಳುತ್ತದೆ. ಇಂಥ ಆದಾಯದ ಶೇ 30ರಷ್ಟನ್ನು ನಿಲ್ದಾಣದ ಶುಲ್ಕ ತಗ್ಗಿಸಲು ಲೆಕ್ಕಕ್ಕೆ ಹಿಡಿಯಬೇಕಂತೆ. ಅಂದರೆ ಆ ಪಿಜ್ಜಾ ತಿಂದು ನಾನು ದೇಶದ ವಿಮಾನಯಾನಕ್ಕೆ ಸಬ್ಸಿಡಿ ಕೊಟ್ಟೆ. ಉಳಿದ ಶೇ 70 ನಿಲ್ದಾಣ ನಡೆಸುವವರ ಕೈಗೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ದೇವನಹಳ್ಳಿಯಲ್ಲಿ 108 ಅಡಿಯ ಕೆಂಪೇಗೌಡರ ಪ್ರತಿಮೆ ನಿಂತಿದೆ. ಊರು ಕಟ್ಟಿದವರಿಗೆ ಸಲ್ಲಬೇಕಾದದ್ದೇ. ಪಕ್ಕದಲ್ಲಿ ಸಬ್ಸಿಡಿ ಕೊಟ್ಟವನಿಗೂ ಒಂದು ಮೂರಡಿಯದ್ದು ನಿಲ್ಲಿಸಬಹುದು. ಕೈಯಲ್ಲಿ ಕತ್ತಿಯ ಬದಲು ಮುರಿದ ಮರದ ಚಾಕು.

'ಏರ್‌ಪೋರ್ಟ್ ಅಂದ್ರೆ ಎಲ್ಲಾ ಕಡೆ ಹಿಂಗೇ ಕಣ್ರೀ' ಎನ್ನುವ ಒಬ್ಬ ಮಹಾನುಭಾವ ಪ್ರತಿ ಸಾಲಿನಲ್ಲೂ ಇರುತ್ತಾನೆ. ಎರಡು ಸಲ ದುಬೈ ನೋಡಿದವನು. ಎಲ್ಲ ಕಡೆ ಹೀಗಿಲ್ಲ. 2021ರಲ್ಲಿ ನ್ಯೂಯಾರ್ಕಿನ ಲಾಗಾರ್ಡಿಯಾ ನಿಲ್ದಾಣದ ಮೆನುವಿನ ಫೋಟೊ ಒಂದನ್ನು ಯಾರೋ ಹಾಕಿದರು. ಒಂದು ಬಿಯರ್‌ಗೆ 27 ಡಾಲರ್ ದಾಟಿದ ಬೆಲೆ. ಗದ್ದಲವಾಯಿತು. ತನಿಖೆ ನಡೆಯಿತು. ಮುಂದಿನ ವರ್ಷ ಅಲ್ಲಿನ ಬಂದರು ಪ್ರಾಧಿಕಾರ ನಿಯಮ ಬಿಗಿ ಮಾಡಿತು: ಊರಿನ ಬೆಲೆ, ಅದರ ಮೇಲೆ ಹೆಚ್ಚೆಂದರೆ ಶೇ 10. ಅಮೆರಿಕದ ಪೋರ್ಟ್‌ಲೆಂಡ್ ನಿಲ್ದಾಣದಲ್ಲಿ ಊರಿನ ಬೆಲೆಗೇ ಮಾರಬೇಕೆಂಬುದು ಹಳೆಯ ಕಟ್ಟಳೆ. ಬಂಡವಾಳಶಾಹಿಯ ತವರಿನಲ್ಲಿ ಪಿಜ್ಜಾಕ್ಕೆ ಲಗಾಮು. ಸಮಾಜವಾದವನ್ನು ಸಂವಿಧಾನದ ಪೀಠಿಕೆಯಲ್ಲಿ ಬರೆದುಕೊಂಡ ನಮ್ಮಲ್ಲಿ 'ಏರ್‌ಪೋರ್ಟ್ ರೇಟ್ ಸರ್'.

ನಾವೇನು ಕಡಿಮೆಯೇ? ಕೊತ್ತಂಬರಿ ಸೊಪ್ಪು ಮಾರುವ ಅಜ್ಜಿಯ ಹತ್ತಿರ ಎರಡು ರೂಪಾಯಿಗೆ ಹತ್ತು ನಿಮಿಷ ಚೌಕಾಸಿ. ಆಟೋದವನು ಮೀಟರ್ ಮೇಲೆ ಇಪ್ಪತ್ತು ಕೇಳಿದರೆ ಪೊಲೀಸರನ್ನು ಕರೆಯುವ ಮಾತು. ಅದೇ ಜನ ಇಲ್ಲಿ ಕಾರ್ಡು ತಾಗಿಸಿ 'ಬಿಲ್ ಬೇಡ' ಎನ್ನುತ್ತಾರೆ. ಬೆಲೆ ಕೇಳಿದರೆ ಮರ್ಯಾದೆ ಹೋಗುತ್ತದೆ. ಸಂತೆಯಲ್ಲಿ ಇಲ್ಲದ ಮರ್ಯಾದೆ ಗ್ರಾನೈಟ್ ನೆಲದ ಮೇಲೆ ಕಾಲಿಟ್ಟ ಕೂಡಲೇ ಮೊಳೆಯುತ್ತದೆ.

ಮೊದಲು ಫೋಟೊ. ಪಿಜ್ಜಾ ಮುಂದೆ, ಬೋರ್ಡಿಂಗ್ ಪಾಸ್ ಪಕ್ಕದಲ್ಲಿ, ಗಾಜಿನಾಚೆ ವಿಮಾನದ ಬಾಲ. 'ಏರ್‌ಪೋರ್ಟ್ ಡೈರೀಸ್'. ಮೂರು ಕೋನದಿಂದ ಫೋಟೊ ಮುಗಿಯುವಷ್ಟರಲ್ಲಿ ಚೀಸು ರಬ್ಬರಾಗಿರುತ್ತದೆ. ಪರವಾಗಿಲ್ಲ, ಅದು ತಿನ್ನಲು ಕೊಂಡದ್ದಲ್ಲ. ಇನ್ನರ್ಧ ಜನ ಕಂಪನಿ ದುಡ್ಡಿನಲ್ಲಿ ಹಾರುವವರು. ಅವರು ಬೆಲೆ ಕೇಳುವುದಿಲ್ಲ, ಬಿಲ್ ಕೇಳುತ್ತಾರೆ. ಇಂಥವರ ಹಸಿವಿನ ಮೇಲೆ ಬೆಲೆ ನಿಗದಿಯಾಗುತ್ತದೆ, ಮಗಳ ಮದುವೆಗೆ ಸಾಲ ಮಾಡಿ ಹೊರಟವನೂ ಅದೇ ಬೆಲೆ ತೆರುತ್ತಾನೆ.

ಮತ್ತೊಂದು ಕುಲ ಲೌಂಜಿನವರದು. ಕಾರ್ಡು ಉಜ್ಜಿ, ಎರಡು ರೂಪಾಯಿ ಕೊಟ್ಟು, ಹೊಟ್ಟೆತುಂಬ ಊಟ. ಆ ಎರಡು ರೂಪಾಯಿಗಾಗಿ ಮುಕ್ಕಾಲು ಗಂಟೆ ಸಾಲು. ಸೂಟು ಬೂಟಿನವರು ರೇಷನ್ ಅಂಗಡಿಯ ಮುಂದೆಯೂ ಇಷ್ಟು ಭಕ್ತಿಯಿಂದ ನಿಲ್ಲುವುದಿಲ್ಲ. 'ಬಡವರಿಗೆ ಬಿಟ್ಟಿ ಭಾಗ್ಯ ಕೊಟ್ಟು ದೇಶ ಹಾಳಾಯ್ತು' ಎಂಬ ಚರ್ಚೆ ಈ ಸಾಲಿನಲ್ಲೇ ಹೆಚ್ಚು ಕೇಳಿಬರುತ್ತದೆ. ಒಳಗೆ ಬೆರಳುದ್ದದ ಚೌಕ ಪಿಜ್ಜಾ, ದೀಪದ ಬಿಸಿಗೆ ಒಣಗಿದ್ದು. ಬಿಟ್ಟಿ ಎಂದು ಒಬ್ಬೊಬ್ಬರು ಐದೈದು ಎತ್ತುತ್ತಾರೆ.

'ಮನೆಯಿಂದ ಕಟ್ಟಿಕೊಂಡು ಹೋಗಿ, ಯಾರು ಬೇಡ ಅಂದ್ರು?' ಎನ್ನುವವರಿಗೆ ಒಂದು ಮಾತು. ಚಪಾತಿ, ರೊಟ್ಟಿ, ಪುಳಿಯೋಗರೆ ಒಯ್ಯಬಹುದು, ಭದ್ರತೆಯವರ ತಕರಾರಿಲ್ಲ. ತಕರಾರು ಬೇರೆ ಕಡೆಯಿಂದ ಬರುತ್ತದೆ. ನಾನು ನಿಂತಿದ್ದ ಕಡೆಯೇ ಗದಗಿನ ಕಡೆಯ ದಂಪತಿ ಬಂದು ಕೂತರು. ಅಜ್ಜ ಧೋತರ, ಅಜ್ಜಿ ಇಳಕಲ್ ಸೀರೆ. ಸ್ಟೀಲ್ ಡಬ್ಬಿ ತೆಗೆದರು. ಕಟಕ ರೊಟ್ಟಿ, ಶೇಂಗಾ ಚಟ್ನಿ. ಅಂಗಡಿಯ ಟೀಶರ್ಟಿನ ಹುಡುಗ ಓಡಿ ಬಂದ.

"ಹೊರಗಿನ ಊಟ ಇಲ್ಲಿ ಅಲೋ ಇಲ್ಲ ಅಜ್ಜ."

ಅಜ್ಜ ರೊಟ್ಟಿ ಮುರಿಯುತ್ತಲೇ ಕೇಳಿದ: "ಹಂಗಾರ ಹೊರಗ ಹೋಗಿ ತಿಂದು ಬರ್ಲೇನಪಾ?"

ಹುಡುಗ ಬಾಗಿಲ ಕಡೆ ನೋಡಿದ. ಬಂದೂಕು ಅಲ್ಲೇ ಇತ್ತು. ಸುಮ್ಮನೆ ಹೋದ. ವಿಮಾನಯಾನದ ಅರ್ಥಶಾಸ್ತ್ರದ ಬಗ್ಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಸಂಸತ್ತಿನಲ್ಲೂ ಯಾರೂ ಕೇಳಿಲ್ಲ.

ನಿಲ್ದಾಣದ ಗೋಡೆಯಾಚೆ ಇನ್ನೊಂದು ಲೆಕ್ಕವಿದೆ. ಪಿಜ್ಜಾದ ಕೆಂಪು ಎಲ್ಲಿಂದ ಬರುತ್ತದೆ? ಟೊಮೆಟೊದಿಂದ. ದೇವನಹಳ್ಳಿಯ ಮಗ್ಗುಲಲ್ಲೇ ಕೋಲಾರ. ಬೆಲೆ ಬಿದ್ದಾಗ ಅಲ್ಲಿನ ರೈತ ಟೊಮೆಟೊವನ್ನು ರಸ್ತೆಗೆ ಸುರಿಯುವ ಫೋಟೊ ನಾವು ಎಷ್ಟು ಸಲ ನೋಡಿಲ್ಲ? 2023ರ ಜುಲೈನಲ್ಲಿ ಕಿಲೋಗೆ ನೂರು ದಾಟಿದಾಗ ಹೆಸರಾಂತ ಬರ್ಗರ್ ಕಂಪನಿಯೇ ಅನೇಕ ಊರುಗಳಲ್ಲಿ ಟೊಮೆಟೊ ಹಾಕುವುದನ್ನು ನಿಲ್ಲಿಸಿತು. ಬೆಲೆ ಏರಿದರೆ ಟೊಮೆಟೊ ಮಾಯ. ಇಳಿದರೆ ಪಿಜ್ಜಾ ಬೆಲೆ ಇಳಿದದ್ದನ್ನು ಕಂಡವರಿದ್ದರೆ ಕೈ ಎತ್ತಿ.

1996ರ ಜನವರಿಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದವರು ಬೆಂಗಳೂರಿನ ಕೆಎಫ್‌ಸಿ ಮಳಿಗೆಗೆ ನುಗ್ಗಿದರು. ವಿದೇಶಿ ಕಂಪನಿಗಳು ನಮ್ಮ ಹೊಲ, ನಮ್ಮ ಊಟ ಎರಡನ್ನೂ ನುಂಗುತ್ತವೆ ಎಂದರು. ಅದೇ ವರ್ಷ ಇದೇ ಊರಿನಲ್ಲಿ ಪಿಜ್ಜಾ ಹಟ್ ಭಾರತದ ತನ್ನ ಮೊದಲ ಅಂಗಡಿ ತೆರೆಯಿತು. ಕೋಳಿಯಂಗಡಿಗೆ ಏಟು ಬಿತ್ತು, ಪಿಜ್ಜಾ ಅಂಗಡಿಗೆ ಕ್ಯೂ ಬಿತ್ತು. ರೈತರು ಹೇಳಿದ್ದರಲ್ಲಿ ಅರ್ಧವನ್ನು ನಕ್ಕು ಮರೆತೆವು, ಇನ್ನರ್ಧವನ್ನು ಕಾಂಬೋದಲ್ಲಿ ತಿಂದೆವು.

ನಿಲ್ದಾಣದಿಂದ ದೂರವೇನಿಲ್ಲ, ಚನ್ನರಾಯಪಟ್ಟಣ ಹೋಬಳಿ. 13 ಹಳ್ಳಿಗಳ 1,777 ಎಕರೆ ಕೈಗಾರಿಕೆಗೆ ಬೇಕು ಎಂದಿತು ಸರ್ಕಾರ. ಕೊಡುವುದಿಲ್ಲ ಎಂದು ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಹಿಂದೆ ಸರಿಯಿತು. ಅಷ್ಟೂ ದಿನ ಟಿವಿಯಲ್ಲಿ ಕೂತು 'ಅಭಿವೃದ್ಧಿಗೆ ಅಡ್ಡಗಾಲು' ಎಂದವರಿಗೆ ನಿಲ್ದಾಣದೊಳಗಿನ ಏಳುನೂರರ ಪಿಜ್ಜಾ ಎಂದೂ ಅಡ್ಡಗಾಲಾಗಿ ಕಾಣಲಿಲ್ಲ. ರೈತ ತನ್ನ ಮಣ್ಣಿಗೆ ಬೆಲೆ ಕಟ್ಟಿದರೆ ದುರಾಸೆ. ಕಂಪನಿ ಮೈದಾ ಹಿಟ್ಟಿಗೆ ಬೆಲೆ ಕಟ್ಟಿದರೆ ಪ್ರೀಮಿಯಂ ಅನುಭವ.

ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಸೂಚಿಕೆಯ ಗೌರವ ಇದೆ. ತೋಟಗಳೇ ಕರಗುತ್ತಾ ಬಂದವು. ಎರಡನೇ ಟರ್ಮಿನಲ್ ಮಾತ್ರ ತೋಟದಂತೆ ಕಟ್ಟಿದ್ದಾರೆ. ಬಿದಿರು, ತೂಗುವ ಬಳ್ಳಿ, ಹಸಿರು ಗೋಡೆ. 2022ರ ನವೆಂಬರಿನಲ್ಲಿ ಉದ್ಘಾಟನೆ. ಚೆಂದವಾಗಿದೆ, ಸುಳ್ಳು ಹೇಳಬಾರದು. ಬೆಳೆದ ತೋಟ ತೆಗೆದು, ನೇತುಹಾಕಿದ ತೋಟ ಮಾಡಿದ್ದೇವೆ. ಹಣ್ಣು ಬಿಡುವುದಿಲ್ಲ, ಅಷ್ಟೇ.

ನನ್ನ ಬೇಡಿಕೆ ದೊಡ್ಡದಲ್ಲ. ಪಿಜ್ಜಾ ಬೆಲೆ ಇಳಿಸಿ ಎನ್ನುವುದಿಲ್ಲ. ಅದು ಆಗದ ಕೆಲಸ. ಮೆನುವಿನಲ್ಲಿ ಎರಡು ಕಾಲಂ ಹಾಕಿ. ಒಂದರಲ್ಲಿ ಇಲ್ಲಿನ ಬೆಲೆ, ಪಕ್ಕದಲ್ಲೇ ಅದೇ ಕಂಪನಿಯ ಊರೊಳಗಿನ ಬೆಲೆ. ಕನ್ನಡದಲ್ಲಿ, ಬೋರ್ಡಿನಷ್ಟೇ ದಪ್ಪ ಅಕ್ಷರದಲ್ಲಿ. ಇದಕ್ಕೆ ಹೊಸ ಪ್ರಾಧಿಕಾರ ಬೇಡ, ಸಬ್ಸಿಡಿ ಬೇಡ, ಸಂಸತ್ತಿನಲ್ಲಿ ಕೂಗಾಟ ಬೇಡ. ಎರಡು ಕಾಲಂ ಸಾಕು. ನೋಡಿ, ಯಾರೂ ಹಾಕುವುದಿಲ್ಲ.

ಇದನ್ನೇ ಕೌಂಟರಿನ ಹುಡುಗನಿಗೆ ಹೇಳಿದೆ. ಅವನು ಬಿಲ್ಲಿನ ಕೆಳಗಿದ್ದ ಕ್ಯೂಆರ್ ಕೋಡ್ ತೋರಿಸಿದ. "ಇಲ್ಲಿ ಫೀಡ್‌ಬ್ಯಾಕ್ ಹಾಕಿ ಸರ್. ಹೆಡ್ ಆಫೀಸಿಗೆ ಹೋಗತ್ತೆ." ಗೇಟಿನ ಕಡೆ ಓಡುತ್ತಲೇ ಹಾಕಿದೆ. ಮೊಬೈಲ್ ನಂಬರ್ ಕೇಳಿತು, ಕೊಟ್ಟೆ. ಹುಟ್ಟಿದ ದಿನ ಕೇಳಿತು, ಕೊಟ್ಟೆ. ದೂರು ಬರೆಯಲು ನೂರು ಅಕ್ಷರದ ಜಾಗ ಇತ್ತು, 'ಏಳುನೂರು' ಎಂದಷ್ಟೇ ಬರೆದೆ. ವಿಮಾನ ಹತ್ತಿ ಬೆಲ್ಟು ಹಾಕಿಕೊಳ್ಳುವಷ್ಟರಲ್ಲಿ ಮೆಸೇಜು ಬಂತು. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ, ಮುಂದಿನ ಆರ್ಡರ್ ಮೇಲೆ ಶೇ 20 ರಿಯಾಯಿತಿ. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಷರತ್ತು: ವಿಮಾನ ನಿಲ್ದಾಣದ ಮಳಿಗೆಗಳಿಗೆ ಅನ್ವಯಿಸುವುದಿಲ್ಲ.